ಕೀಲೆಣ್ಣೆ, ಗ್ರೀಸು ಮತ್ತು ಗಾಡಿಯ ಬೇರಿಂಗು: ಮಂಡ್ಯ ಸೀಮೆ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳೆಯ ಮರದ ಗಾಡಿಗಳಲ್ಲಿ ಬೇರಿಂಗ್ ಇರಲಿಲ್ಲ. ಚಕ್ರದ ಗುಂಬ ಅಚ್ಚನ್ನು ಉಜ್ಜಿಕೊಂಡೇ ತಿರುಗುತ್ತಿತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಕೀಲೆಣ್ಣೆಯನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೇ ತೂಗುಹಾಕುತ್ತಿದ್ದರು. ಕಡಾಣಿ ಕಿತ್ತು, ಚಕ್ರವನ್ನು ಒಂದಿಷ್ಟು ಹೊರಗೆಳೆದು, ಅಚ್ಚಿಗೆ ಬಳಿದು ಮತ್ತೆ ಕೂರಿಸುತ್ತಿದ್ದರು. ಹರಳೆಣ್ಣೆಯನ್ನೇ ಆರಿಸಿಕೊಂಡದ್ದು ಜಾಣತನ. ಅದು ಅಡುಗೆ ಎಣ್ಣೆಗಳಿಗಿಂತ ಬಹಳ ಮಂದ. ಅದರ ರಿಸಿನೋಲಿಕ್ ಆಮ್ಲ ಲೋಹಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ.

1902ರಲ್ಲಿ ಜರ್ಮನಿಯ ರಿಚರ್ಡ್ ಸ್ಟ್ರಿಬೆಕ್ ಜಾರುವ ಮತ್ತು ಉರುಳುವ ಬೇರಿಂಗುಗಳ ಘರ್ಷಣೆಯನ್ನು ಅಳೆದು ಪ್ರಕಟಿಸಿದರು. ವೇಗ ಕಡಿಮೆಯಿದ್ದಾಗ ಲೋಹಕ್ಕೆ ಲೋಹ ತಾಗುತ್ತದೆ, ವೇಗ ಏರಿದಂತೆ ಎಣ್ಣೆಯ ಪದರ ಎರಡನ್ನೂ ಬೇರ್ಪಡಿಸುತ್ತದೆ ಎಂಬ ತಿಳಿವಳಿಕೆ ಇಂದಿಗೂ ಈ ವಿಷಯದ ತಳಹದಿ. ಗಾಡಿಗೆ ಒಪ್ಪುವ ಟೇಪರ್ ರೋಲರ್ ಬೇರಿಂಗಿಗೆ ಅಮೆರಿಕದ ಸಾರೋಟು ತಯಾರಕ ಹೆನ್ರಿ ಟಿಮ್ಕೆನ್ 1898ರಲ್ಲೇ ಪೇಟೆಂಟ್ ಪಡೆದಿದ್ದರು.

ಇರ್ವಿನ್ ನಾಲೆಯ (ಇಂದಿನ ವಿಶ್ವೇಶ್ವರಯ್ಯ ನಾಲೆ) ನೀರು ಬಂದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಗಾಡಿಗಳ ಮೇಲೆ ಕಬ್ಬಿನ ಹೊರೆ ಬಿತ್ತು. ಮುಂದಿನ ದಶಕಗಳಲ್ಲಿ ಟೈರ್ ಗಾಡಿಗಳು ಬಂದವು. ಅವುಗಳ ಜೊತೆಗೇ ಬೇರಿಂಗೂ ಗ್ರೀಸೂ ಊರು ಹೊಕ್ಕವು. ಹಾಗೆಂದು ಹರಳು ಮರೆಯಾಗಲಿಲ್ಲ. 1940ರ ದಶಕದಿಂದ ಹರಡಿದ ಲಿಥಿಯಂ ಗ್ರೀಸಿನಲ್ಲಿ ಎಣ್ಣೆಯನ್ನು ಹಿಡಿದಿಡುವ ಸಾಬೂನು ಹೆಚ್ಚಾಗಿ ಹರಳೆಣ್ಣೆಯಿಂದ ಪಡೆದ ಆಮ್ಲದಿಂದಲೇ ಆಗುತ್ತದೆ.

ರೋಲರ್ ಬೇರಿಂಗಿನಲ್ಲಿ ಎಣ್ಣೆಯ ಪದರದ ದಪ್ಪ ಹೊರೆಗಿಂತ ಹೆಚ್ಚಾಗಿ ವೇಗವನ್ನೂ ಎಣ್ಣೆಯ ಮಂದತನವನ್ನೂ ಅವಲಂಬಿಸುತ್ತದೆ. ಒತ್ತಡಕ್ಕೆ ಉಕ್ಕೇ ಸ್ವಲ್ಪ ಬಾಗಿ, ಎಣ್ಣೆ ಆ ಕ್ಷಣ ಗಟ್ಟಿಯಾಗಿ, ಮೈಕ್ರಾನಿಗಿಂತ ತೆಳುವಾದ ಪದರ ಉಳಿಯುತ್ತದೆ. ಇದನ್ನು ಸಂಶೋಧಕರಾದ ಡೌಸನ್ ಮತ್ತು ಹಿಗಿನ್ಸನ್ 1959ರಿಂದ ಲೆಕ್ಕದಲ್ಲಿ ತೋರಿಸಿದರು. ಆದರೆ ಗಂಟೆಗೆ ನಾಲ್ಕು ಕಿ.ಮೀ. ಸಾಗುವ ಎತ್ತಿನ ಗಾಡಿಯ ಟೈರು ನಿಮಿಷಕ್ಕೆ ಸುಮಾರು 30 ಸುತ್ತು ಮಾತ್ರ ತಿರುಗುತ್ತದೆ. ಅಷ್ಟು ನಿಧಾನದಲ್ಲಿ ಪೂರ್ಣ ಪದರ ಕಟ್ಟುವುದು ಕಷ್ಟ. ಅಲ್ಲಿ ಗ್ರೀಸಿನ ದೊಡ್ಡ ಉಪಕಾರವೆಂದರೆ ಗದ್ದೆಯ ಕೆಸರನ್ನೂ ನೀರನ್ನೂ ಹೊರಗಿಡುವುದು. ಪಠ್ಯಪುಸ್ತಕಗಳು ಇದಕ್ಕೆ ಸಲ್ಲಬೇಕಾದಷ್ಟು ಜಾಗ ಕೊಟ್ಟಿಲ್ಲ.

ಟ್ರಾಕ್ಟರ್ ಟ್ರೇಲರಿನ ಕಥೆ ಬೇರೆ. ಕಬ್ಬು ಇಳಿಸಿ ಬರಿದಾಗಿ ವೇಗದಲ್ಲಿ ಮರಳುವಾಗ ರೋಲರುಗಳ ಮೇಲೆ ಹಿಡಿತ ತಗ್ಗುತ್ತದೆ. ಗುಂಬದ ತುಂಬ ಗ್ರೀಸು ಗಿಡಿದಿದ್ದರೆ ಅದು ಕಡೆದುಕೊಂಡು ಬಿಸಿಯಾಗುತ್ತದೆ, ರೋಲರುಗಳನ್ನು ತಡೆಯುತ್ತದೆ. ಅವು ಉರುಳುವ ಬದಲು ಜಾರಿ ಮೈ ಗೀರಿಕೊಳ್ಳಬಹುದು. ಆದ್ದರಿಂದ ಬೇರಿಂಗಿಗೆ ಚೆನ್ನಾಗಿ ಮೆತ್ತಿ, ಗುಂಬದ ಪೊಳ್ಳಿನಲ್ಲಿ ಜಾಗ ಬಿಡಬೇಕು.

ಟೇಪರ್ ರೋಲರಿನ ದಪ್ಪ ತುದಿ ಒಳಬಳೆಯ ಅಂಚಿಗೆ ಒತ್ತಿಕೊಂಡು ಜಾರುತ್ತಲೇ ಇರುತ್ತದೆ. ಗ್ರೀಸು ಒಣಗಿದರೆ ಮೊದಲು ಕೆಡುವ ಜಾಗಗಳಲ್ಲಿ ಅದೂ ಒಂದು. ಸೀಮೆಎಣ್ಣೆಯಲ್ಲಿ ತೊಳೆದ ಬೇರಿಂಗನ್ನು ಬೆಳಕಿಗೆ ಹಿಡಿದಾಗ ಆ ತುದಿ ಕಂದು ಅಥವಾ ನೀಲಿಗೆ ತಿರುಗಿದ್ದರೆ ಕಾವು ಹತ್ತಿದೆ ಎಂದರ್ಥ. ಅಂಥ ಬೇರಿಂಗಿಗೆ ಹೊಸ ಗ್ರೀಸು ತುಂಬಿ ಫಲವಿಲ್ಲ, ಬದಲಾಯಿಸಬೇಕು.