ಓಟದ ಬಂಡಿಯೂ ಕಚೇರಿಯ ದಾರಿಯೂ

ಕಳೆದ ತಿಂಗಳ ಸಭೆ ಮುಗಿದು, ಬಳಗದವರೆಲ್ಲ ಕಾಫಿಯ ಲೋಟ ಹಿಡಿದು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಾಗ, ಕಿರಿಯ ಗೆಳೆಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. ಅವರು ಕೆಲಸದ ಮೇಲೆ ವಿದೇಶಕ್ಕೆ ಹೊರಟಿದ್ದಾರೆ. ಅವರಲ್ಲೊಂದು ಕಾರಿದೆ: ಜರ್ಮನ್ ಕಂಪನಿಯದು, ಮೂರು ಬಾಗಿಲಿನದು, ಹಿಂಬದಿಯಲ್ಲಿ ಜಿಟಿಐ ಎಂಬ ಮೂರು ಅಕ್ಷರ ಹೊತ್ತದ್ದು. ನೋಡಲು ಗುಬ್ಬಚ್ಚಿ, ಒಳಗೆ 190ರ ಆಸುಪಾಸಿನ ಅಶ್ವಶಕ್ತಿ. “ಸಾರ್, ಬೇರೆಯವರಿಗೆ ಕೊಡೋಕೆ ಮನಸ್ಸಿಲ್ಲ. ನೀವು ತಗೊಂಡರೆ ಬೆಲೆಯಲ್ಲಿ ಹೆಚ್ಚು ಹೇಳೋಲ್ಲ” ಎಂದರು. ನಾವು ಯೋಚಿಸಿ ಹೇಳುವುದಾಗಿ ಉತ್ತರಿಸಿದೆವು. ಸರ್ಕಾರಿ ನೌಕರನ ಯೋಚನೆಯೆಂದರೆ ಹಿಂದಿನ ಕಡತಗಳನ್ನು ತೆಗೆದು ನೋಡುವುದು ತಾನೆ? ಆ ಮೂರು ವಾರ ರಾತ್ರಿಯೆಲ್ಲ ನಾವು ಮಾಡಿದ್ದು ಅದನ್ನೇ. ಓಟಕ್ಕಾಗಿ ಹುಟ್ಟಿದ ಬಂಡಿಯನ್ನು ದಿನನಿತ್ಯದ ಓಡಾಟಕ್ಕೆ ಇಟ್ಟುಕೊಂಡವರು ಹಿಂದೆ ಯಾರು ಯಾರು, ಅವರಿಗೇನಾಯಿತು?

ಮೋಟಾರಿನ ಇತಿಹಾಸದ ಮೊದಲ ಅಧ್ಯಾಯದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಓಟದ ಬಂಡಿಗೂ ಮನೆಯ ಬಂಡಿಗೂ ಭೇದವಿಲ್ಲದ ಕಾಲವದು. ಫ್ರಾನ್ಸಿನ ನೀಸ್ ನಗರದಲ್ಲಿದ್ದ ಎಮಿಲ್ ಯೆಲಿನೆಕ್ ಎಂಬ ವರ್ತಕ ಡೈಮ್ಲರ್ ಕಂಪನಿಯ ಬಂಡಿಗಳನ್ನು ಸಿರಿವಂತರಿಗೆ ಮಾರುತ್ತಿದ್ದ. 1900ರ ಮಾರ್ಚಿಯಲ್ಲಿ ಲಾ ಟರ್ಬಿ ಬೆಟ್ಟದ ಏರು ದಾರಿಯ ಓಟದಲ್ಲಿ ಡೈಮ್ಲರ್ ಬಂಡಿಯೊಂದು ಅಪಘಾತಕ್ಕೀಡಾಗಿ ಅದರ ಚಾಲಕ ವಿಲ್ಹೆಲ್ಮ್ ಬಾವರ್ ಸತ್ತ. ಕುದುರೆ ಸಾರೋಟಿನಂತೆ ಎತ್ತರವಾಗಿದ್ದ ಆ ಬಂಡಿಯ ಭಾರವೆಲ್ಲ ಮೇಲೆಯೇ ಇತ್ತು. ಹೆಚ್ಚು ಉದ್ದದ, ಹೆಚ್ಚು ಅಗಲದ, ನೆಲಕ್ಕೆ ಹತ್ತಿರವಾದ ಬಂಡಿ ಬೇಕೆಂದು ಯೆಲಿನೆಕ್ ಪಟ್ಟು ಹಿಡಿದ. ವಿಲ್ಹೆಲ್ಮ್ ಮೇಬ್ಯಾಕ್ ಅದನ್ನು ರೂಪಿಸಿದ. ಯೆಲಿನೆಕನ ಮಗಳ ಹೆಸರಿನಿಂದ ಅದು ಮರ್ಸಿಡಿಸ್ ಆಯಿತು. 1901ರ ಮಾರ್ಚಿಯಲ್ಲಿ ನೀಸ್ ಓಟಗಳಲ್ಲಿ ಗೆದ್ದ ಈ 35 ಅಶ್ವಶಕ್ತಿಯ ಬಂಡಿಗೇ ಹಿಂದೆ ಎರಡು ಆಸನ ಜೋಡಿಸಿದರೆ ಸಂಸಾರವನ್ನು ಕೂರಿಸಿಕೊಂಡು ಸಮುದ್ರತೀರಕ್ಕೆ ಹೋಗಬಹುದಿತ್ತು. ವೇಗಕ್ಕಾಗಿ ಮಾಡಿದ ಬದಲಾವಣೆ ಸಂಸಾರಸ್ಥನನ್ನೂ ಸುರಕ್ಷಿತಗೊಳಿಸಿತೆಂಬುದು ಇಲ್ಲಿ ಗಮನಿಸಬೇಕಾದ ಮಾತು. ಇಂದು ನಾವು ಏರುವ ಸಾಮಾನ್ಯ ಕಾರಿನ ಆಕಾರವೂ ಬಹುಮಟ್ಟಿಗೆ ಆ ಓಟದ ಬಂಡಿಯಿಂದಲೇ ಬಂದದ್ದು.

ಈ ಅನ್ಯೋನ್ಯ ಹೆಚ್ಚು ಕಾಲ ಉಳಿಯಲಿಲ್ಲ. 1920ರ ದಶಕದ ಹೊತ್ತಿಗೆ ಓಟದ ಎಂಜಿನ್‌ಗಳು ಬೇರೆಯೇ ಜಾತಿಯಾಗಿದ್ದವು. ಎತ್ತೋರ್ ಬುಗಾಟಿ 1927ರಲ್ಲಿ ತನ್ನ ಪಂದ್ಯದ ಎಂಜಿನ್ನನ್ನೇ ಪ್ರವಾಸದ ಕಾರಿನೊಳಗೆ ಇಟ್ಟು ಟೈಪ್ 43 ಎಂದು ಮಾರಿದ. ಎಂಟು ಸಿಲಿಂಡರು, ಗಾಳಿಯನ್ನು ಒತ್ತಿ ಒಳನೂಕುವ ಸೂಪರ್‌ಚಾರ್ಜರ್. ಆ ಕಾಲಕ್ಕೆ ಗಂಟೆಗೆ 160 ಕಿಲೋಮೀಟರು ಮುಟ್ಟಬಲ್ಲ ಕಾರು. ಆದರೆ ಅದರ ಕ್ರ್ಯಾಂಕ್ ದಂಡ ತಿರುಗುತ್ತಿದ್ದ ರೋಲರ್ ಬೇರಿಂಗುಗಳನ್ನು ಆಗಾಗ ಬಿಚ್ಚಿ ಹೊಸದಾಗಿ ಕಟ್ಟಬೇಕಿತ್ತು, ಅದಕ್ಕೆ ಕೈತುಂಬ ಹಣವೂ ಬೇಕಿತ್ತು. ಅಂಥ 160 ಕಾರುಗಳಷ್ಟೇ ತಯಾರಾದವು. ಮನೆಯಲ್ಲಿ ಆನೆ ಕಟ್ಟಿದವನಿಗೆ ಮಾವುತನ ಸಂಬಳವೂ ಸೇರಿಯೇ ಲೆಕ್ಕ.

ಅದೇ ಕಾಲದಲ್ಲಿ ನಮ್ಮ ಸಂಸ್ಥಾನಿಕರೂ ಇಂಥ ಬಂಡಿಗಳನ್ನು ತರಿಸಿಕೊಂಡರು. ಅವರ ಮಾತು ಬೇಡ. ಕಚೇರಿಗೆ ಹೊತ್ತಿಗೆ ಸರಿಯಾಗಿ ಹೋಗಬೇಕಾದವರು ಅವರಲ್ಲಿ ಯಾರೂ ಇರಲಿಲ್ಲ.

ಓಟದ ಎಂಜಿನ್ನಿಗೆ ಊರ ದಾರಿ ಏಕೆ ಒಗ್ಗುವುದಿಲ್ಲವೆಂಬುದನ್ನು ಸ್ವಲ್ಪ ಹೇಳಬೇಕು. ಎಂಜಿನ್ ವೇಗವಾಗಿ ಸುತ್ತುವಾಗ ಹೆಚ್ಚು ಶಕ್ತಿ ಬರಬೇಕಾದರೆ ಗಾಳಿ ಒಳಬರುವ ಬಾಗಿಲೂ ಹೊಗೆ ಹೊರಹೋಗುವ ಬಾಗಿಲೂ ಹೆಚ್ಚು ಹೊತ್ತು ತೆರೆದಿರಬೇಕು. ಅದೇ ಎಂಜಿನ್ ನಿಧಾನವಾಗಿ ಸುತ್ತಿದಾಗ ಇದೇ ಏರ್ಪಾಡು ಅದರ ಉಸಿರು ಕೆಡಿಸುತ್ತದೆ. ಅದು ಕೆಮ್ಮುತ್ತದೆ, ನಡುಗುತ್ತದೆ, ಸ್ಪಾರ್ಕ್ ಪ್ಲಗ್‌ಗಳಿಗೆ ಮಸಿ ಹಿಡಿಯುತ್ತದೆ. ಕ್ಲಚ್ಚು ಬಿಗಿ; ನಿಂತಲ್ಲೇ ನಿಂತರೆ ರೇಡಿಯೇಟರಿಗೆ ಗಾಳಿ ಸಾಲದು. ನೂರು ಮೈಲಿ ಓಡಿದರೂ ಬೆವರದ ಬಂಡಿ ನಾಲ್ಕು ಸಿಗ್ನಲ್ ದಾಟುವಷ್ಟರಲ್ಲಿ ಕುದಿಯುವುದು ಹೀಗೆ. 1948ರಲ್ಲಿ ಬಂದ ಜಾಗ್ವಾರ್ ಎಕ್ಸ್‌ಕೆ 120 ಈ ವಿರೋಧಾಭಾಸಕ್ಕೆ ಒಳ್ಳೆಯ ಉದಾಹರಣೆ. 1952ರ ಆಗಸ್ಟಿನಲ್ಲಿ ಪ್ಯಾರಿಸ್ ಸಮೀಪದ ಮೋಂಲೆರಿ ಪಥದಲ್ಲಿ ನಾಲ್ವರು ಚಾಲಕರು ಸರದಿಯ ಮೇಲೆ ಅದನ್ನು ಏಳು ಹಗಲು, ಏಳು ರಾತ್ರಿ ಓಡಿಸಿದರು. ಸರಾಸರಿ ವೇಗ ಗಂಟೆಗೆ ನೂರು ಮೈಲಿಗೂ ಮಿಗಿಲು, ಕ್ರಮಿಸಿದ ದೂರ ಸುಮಾರು 27,000 ಕಿಲೋಮೀಟರು. ಅಂಥ ಕಾರಿನ ಹಳೆಯ ರೀತಿಯ ಡ್ರಮ್ ಬ್ರೇಕುಗಳು ಬಿಸಿಯೇರಿದರೆ ಹಿಡಿತ ಕಳೆದುಕೊಳ್ಳುತ್ತಿದ್ದವು. ಓಡುವ ಪರೀಕ್ಷೆಯಲ್ಲಿ ಗೆದ್ದ ಕಾರಿಗೆ ಮತ್ತೆ ಮತ್ತೆ ನಿಲ್ಲುವ ಪರೀಕ್ಷೆ ಕಷ್ಟವಾಯಿತು. ದಿಲ್ಲಿಯಲ್ಲಿ ನಾವು ದಿನವೂ ಬರೆಯುವುದು ಎರಡನೆಯ ಪರೀಕ್ಷೆಯನ್ನು.

ಬ್ರಿಟನ್ನಿನಲ್ಲಿ 1959ರಲ್ಲಿ ಎಂ1 ಹೆದ್ದಾರಿ ತೆರೆದಾಗ ಅದಕ್ಕೆ ವೇಗಮಿತಿಯೇ ಇರಲಿಲ್ಲ. 1964ರ ಜೂನಿನ ಒಂದು ಬೆಳಗಿನ ಜಾವ ಜ್ಯಾಕ್ ಸಿಯರ್ಸ್ ಎಂಬ ಚಾಲಕ ಆ ಸಾರ್ವಜನಿಕ ರಸ್ತೆಯಲ್ಲೇ ಎಸಿ ಕೋಬ್ರಾ ಕಾರನ್ನು ಗಂಟೆಗೆ 185 ಮೈಲಿ ವೇಗದಲ್ಲಿ ಓಡಿಸಿ ಪರೀಕ್ಷಿಸಿದ. ಪತ್ರಿಕೆಗಳಲ್ಲಿ ಗದ್ದಲವೆದ್ದಿತು. ಮರುವರ್ಷದ ಡಿಸೆಂಬರಿನಲ್ಲಿ 70 ಮೈಲಿಯ ಮಿತಿ ಪ್ರಾಯೋಗಿಕವಾಗಿ ಬಂತು, 1967ರಲ್ಲಿ ಕಾಯಂ ಆಯಿತು. ಅದಕ್ಕೆ ಆ ಕೋಬ್ರಾ ಓಟವೇ ಕಾರಣವೆಂದು ಕಾರುಪ್ರೇಮಿಗಳು ಇಂದಿಗೂ ಹೇಳುವುದುಂಟು. ಆದರೆ ಹೆಚ್ಚು ನಿಜವಾದ ಕಾರಣ 1965ರ ಚಳಿಗಾಲದಲ್ಲಿ ಮಂಜು ಕವಿದಾಗ ಒಂದರ ಹಿಂದೊಂದು ಗುದ್ದಿಕೊಂಡ ಸಾಮಾನ್ಯ ವಾಹನಗಳು. ಯಮುನಾ ಎಕ್ಸ್‌ಪ್ರೆಸ್‌ವೇಯ ಚಳಿಗಾಲದ ಬೆಳಗುಗಳನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದಿನ ಲಾರಿಯ ದೀಪ ಕಾಣದಿರುವಾಗ ಎಂಜಿನ್ನಿನಲ್ಲಿ ಎಷ್ಟು ಅಶ್ವಗಳಿವೆಯೆಂಬುದನ್ನು ಯಾರೂ ಕೇಳುವುದಿಲ್ಲ.

ಇಷ್ಟರವರೆಗಿನ ಕಡತ ನಮ್ಮ ಆಸೆಗೆ ವಿರುದ್ಧವಾಗಿಯೇ ಇತ್ತು. ದಿಕ್ಕು ಬದಲಾಯಿಸಿದ್ದು ಎಣ್ಣೆಯ ಅಭಾವ, ಅದೂ ಎರಡು ಬಾರಿ.

ಮೊದಲನೆಯದು 1956ರ ಸೂಯೆಜ್ ಬಿಕ್ಕಟ್ಟು. ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ ಬಂತು. ಕಡಿಮೆ ಕುಡಿಯುವ ಸಣ್ಣ ಕಾರು ಬೇಕೆಂಬ ಕೂಗಿಗೆ ಅಲೆಕ್ ಇಸ್ಸಿಗೋನಿಸ್ 1959ರಲ್ಲಿ ಮಿನಿಯನ್ನು ಕೊಟ್ಟ. 848 ಸಿಸಿ ಎಂಜಿನ್ನನ್ನು ಅಡ್ಡಲಾಗಿಟ್ಟು, ಚಕ್ರಗಳನ್ನು ನಾಲ್ಕು ಮೂಲೆಗೆ ಸರಿಸಿ, ನಾಲ್ವರಿಗೆ ಜಾಗ ಮಾಡಿಕೊಟ್ಟ ಬಡವರ ಕಾರು ಅದು. ಪಂದ್ಯದ ಕಾರುಗಳನ್ನು ಕಟ್ಟುತ್ತಿದ್ದ ಜಾನ್ ಕೂಪರ್ ಅದನ್ನು ಓಡಿಸಿ ನೋಡಿ, ತಿರುವುಗಳಲ್ಲಿ ಅದು ಅಂಟಿಕೊಂಡು ಹೋಗುವ ಬಗೆಗೆ ಮರುಳಾದ. 1961ರಲ್ಲಿ ಮಿನಿ ಕೂಪರ್ ಬಂತು: 55 ಅಶ್ವಶಕ್ತಿ, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು. ಅದರ ಪೀಳಿಗೆಯವು 1964, 1965, 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ದೊಡ್ಡ ದೊಡ್ಡ ಕಾರುಗಳನ್ನು ಹಿಂದಿಕ್ಕಿ ಗೆದ್ದವು. ಸೋಮವಾರ ಅದೇ ಕಾರಿನಲ್ಲಿ ತರಕಾರಿ ತರಬಹುದಿತ್ತು.

ಎರಡನೆಯದು 1973. ಆ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಬಿಎಂಡಬ್ಲ್ಯು 2002 ಟರ್ಬೊ ಎಂಬ ಕಾರನ್ನು ಮುಂದಿಟ್ಟಿತು. ಎರಡು ಲೀಟರಿನ ಎಂಜಿನ್, 170 ಅಶ್ವಶಕ್ತಿ. ಮೂತಿಯ ಮೇಲೆ ಟರ್ಬೊ ಎಂಬ ಪದವನ್ನು ತಿರುಗುಮುರುಗಾಗಿ ಬರೆಯಲಾಗಿತ್ತು. ಮುಂದೆ ಹೋಗುತ್ತಿರುವವನು ಕನ್ನಡಿಯಲ್ಲಿ ಅದನ್ನು ಸರಿಯಾಗಿ ಓದಿಕೊಂಡು ದಾರಿ ಬಿಡಲೆಂಬ ಠೀವಿ. ಟರ್ಬೊ ಶಕ್ತಿ ಬರುವುದೂ ವಿಚಿತ್ರವಾಗಿತ್ತು. ಪೆಡಲನ್ನೊತ್ತಿದರೆ ಮೊದಲು ಏನೂ ಆಗದು, ಆಮೇಲೆ ಬೆನ್ನಿಗೆ ಗುದ್ದಿದಂತೆ ಎಲ್ಲವೂ ಒಮ್ಮೆಗೇ. ಮರುತಿಂಗಳೇ ಪಶ್ಚಿಮ ಏಷ್ಯಾದಲ್ಲಿ ಯುದ್ಧ, ತೈಲ ನಿರ್ಬಂಧ. ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ ನಾಲ್ಕು ಭಾನುವಾರ ಪಶ್ಚಿಮ ಜರ್ಮನಿಯಲ್ಲಿ ಕಾರು ಹೊರತೆಗೆಯುವುದೇ ನಿಷೇಧ. ಖಾಲಿ ಆಟೊಬಾನ್‌ಗಳ ಮೇಲೆ ಜನ ಸೈಕಲ್ ಹೊಡೆದರು, ಮಕ್ಕಳು ನಡೆದಾಡಿದರು. ಹೆದ್ದಾರಿಗಳಿಗೆ ತಾತ್ಕಾಲಿಕವಾಗಿ 100 ಕಿಲೋಮೀಟರಿನ ಮಿತಿಯೂ ಬಂತು. ಆ ಠೀವಿಯ ಬರಹ ತೀವ್ರ ಟೀಕೆಗೆ ಗುರಿಯಾಯಿತು. 1,672 ಕಾರುಗಳಿಗೆ ಆ ಮಾದರಿ ಮುಗಿಯಿತು. ಅದೇ ನವೆಂಬರಿನಲ್ಲಿ ನಮ್ಮ ದಿಲ್ಲಿಯಲ್ಲಿ, ಪೆಟ್ರೋಲ್ ಬೆಲೆಯೇರಿಕೆಯನ್ನು ಪ್ರತಿಭಟಿಸಿ ಅಟಲ್ ಬಿಹಾರಿ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು.

ಇಂಥ ಹೊತ್ತಿನಲ್ಲೇ, 1974ರಲ್ಲಿ, ಫೋಕ್ಸ್‌ವ್ಯಾಗನ್ ಕಂಪನಿಯ ಬೆರಳೆಣಿಕೆಯ ಉದ್ಯೋಗಿಗಳು ಮೇಲಿನವರ ಅಧಿಕೃತ ಅಪ್ಪಣೆಯಿಲ್ಲದೆ ಒಂದು ಕೆಲಸಕ್ಕೆ ಕೈಹಾಕಿದರು. ಆಲ್ಫೋನ್ಸ್ ಲೋವೆನ್‌ಬರ್ಗ್ ಎಂಬ ಪರೀಕ್ಷಾ ವಿಭಾಗದ ಎಂಜಿನಿಯರು ಒಂದು ಟಿಪ್ಪಣಿ ಕಳುಹಿಸಿ, ಸಾಮಾನ್ಯ ಜನರ ಕಾರಿಗೊಂದು ಚುರುಕಿನ ರೂಪ ಬೇಕೆಂದು ಸೂಚಿಸಿದ್ದ. (ಕಡತದ ಟಿಪ್ಪಣಿಯೊಂದು ಇಷ್ಟು ದೂರ ಹೋದದ್ದನ್ನು ಕಂಡು ನಮಗೆ ಅಸೂಯೆಯಾಯಿತೆಂದು ಒಪ್ಪಿಕೊಳ್ಳುತ್ತೇವೆ.) ಅದರ ಫಲ 1976ರಲ್ಲಿ ಮಾರಾಟಕ್ಕೆ ಬಂದ ಗಾಲ್ಫ್ ಜಿಟಿಐ. 1.6 ಲೀಟರು, 110 ಅಶ್ವಶಕ್ತಿ, ಗಂಟೆಗೆ 182 ಕಿಲೋಮೀಟರು. ಕಾರ್ಬ್ಯುರೇಟರಿನ ಬದಲು ಇಂಧನವನ್ನು ಅಳೆದು ಸಿಂಪಡಿಸುವ ಇಂಜೆಕ್ಷನ್ ಇದ್ದುದರಿಂದ ಅದು ಚಳಿಯಲ್ಲೂ ಒಂದೇ ಸಲಕ್ಕೆ ಚಾಲೂ ಆಗುತ್ತಿತ್ತು, ಸಿಗ್ನಲಿನಲ್ಲಿ ಸಾಧುವಾಗಿ ನಿಲ್ಲುತ್ತಿತ್ತು. ಗೇರಿನ ಹಿಡಿಯಾಗಿ ಗಾಲ್ಫ್ ಚೆಂಡು, ಸೀಟಿಗೆ ಚೌಕುಳಿ ಬಟ್ಟೆ. 5,000 ಕಾರು ಮಾರಿದರೆ ಸಾಕೆಂದುಕೊಂಡಿದ್ದರು. ಮೊದಲ ಪೀಳಿಗೆಯೊಂದೇ 4,60,000 ದಾಟಿತು.

ಎರಡು ಜರ್ಮನ್ ಕಾರುಗಳನ್ನು ಅಕ್ಕಪಕ್ಕ ಇಟ್ಟಾಗ ನಮಗೆ ಒಂದು ಸಂಗತಿ ಸ್ಪಷ್ಟವಾಯಿತು. ಓಟದ ಪಥದಿಂದ ಊರಿಗೆ ಇಳಿದುಬಂದ ಬಂಡಿ ಊರಿನಲ್ಲಿ ಅತಿಥಿಯಾಗಿಯೇ ಇರುತ್ತದೆ; ಸೇವೆ ಬೇಡುತ್ತದೆ. ಊರಿನಲ್ಲಿ ಹುಟ್ಟಿ ಓಟ ಕಲಿತದ್ದು ಮನೆಮಗನಂತೆ ಹೊಂದಿಕೊಳ್ಳುತ್ತದೆ. ಇದಕ್ಕೆ ಅಪವಾದಗಳಿಲ್ಲವೆಂದಲ್ಲ. ಹೋಂಡಾ 1990ರಲ್ಲಿ ತಂದ ಎನ್‌ಎಸ್‌ಎಕ್ಸ್ ಅಲ್ಯೂಮಿನಿಯಂ ಮೈಯ ನಿಜವಾದ ಓಟಗಾರನೇ. ಐರ್ಟನ್ ಸೆನ್ನಾ ಅದರ ಮಾದರಿಯನ್ನು ಓಡಿಸಿ, ಮೈ ಇನ್ನೂ ಗಟ್ಟಿಯಾಗಬೇಕೆಂದು ಹೇಳಿ ತಿದ್ದಿಸಿದ. ಆದರೂ ಅದರ ಗಾಜಿನಿಂದ ಸುತ್ತಲೂ ಕಾಣಿಸುತ್ತಿತ್ತು, ಎಂಜಿನ್ನಿನ ಉಸಿರಾಟದ ಬಾಗಿಲುಗಳು ವೇಗಕ್ಕೆ ತಕ್ಕಂತೆ ತಾವೇ ಬದಲಾಗುತ್ತಿದ್ದವು. ಮೇಲೆ ಹೇಳಿದ ಕೆಮ್ಮಿಗೆ ಕೊನೆಗೂ ಮದ್ದು ಸಿಕ್ಕಿತು.

ಆ ಕಾರನ್ನೇ ಅಳತೆಗೋಲಾಗಿಟ್ಟುಕೊಂಡು ಗಾರ್ಡನ್ ಮರ‍್ರೆ ರೂಪಿಸಿದ್ದು ಮೆಕ್ಲಾರೆನ್ ಎಫ್1. 627 ಅಶ್ವಶಕ್ತಿ, ಒಟ್ಟು 106 ಕಾರು. ಐದು ವರ್ಷಕ್ಕೊಮ್ಮೆ ಎಂಜಿನ್ ಇಳಿಸಿ ಪೆಟ್ರೋಲಿನ ಚೀಲ ಬದಲಿಸಬೇಕು. ಇದನ್ನು ಕೊಂಡು ಸುತ್ತಾಡಿದವರಲ್ಲಿ ಪ್ರಸಿದ್ಧರು ರೋವನ್ ಅಟ್ಕಿನ್ಸನ್, ನಮ್ಮ ಮಕ್ಕಳಿಗೆ ಮಿಸ್ಟರ್ ಬೀನ್. ತೆರೆಯ ಮೇಲೆ ಮಿನಿ, ಮನೆಯಲ್ಲಿ ಮೆಕ್ಲಾರೆನ್! ಅವರು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡದೆ 41,000 ಮೈಲಿ ಓಡಿಸಿದರು; 1999ರಲ್ಲೊಮ್ಮೆ, 2011ರಲ್ಲೊಮ್ಮೆ ಗುದ್ದಿಸಿದರು. ಎರಡನೆಯ ದುರಸ್ತಿಗೆ ವಿಮಾ ಕಂಪನಿ ಒಂಬತ್ತು ಲಕ್ಷ ಪೌಂಡಿಗೂ ಮೇಲೆ ತೆತ್ತಿತೆಂದು ವರದಿಯಾಯಿತು. 2015ರಲ್ಲಿ ಅದು 80 ಲಕ್ಷ ಪೌಂಡಿಗೆ ಮಾರಾಟವಾಯಿತೆಂದೂ ಓದಿದೆವು. ಇಂಗ್ಲಿಷ್ ಎಂ.ಎ. ಓದಿದ ನಮಗೆ ಇಲ್ಲಿ ಕೆನೆತ್ ಗ್ರಹಾಂ 1908ರಲ್ಲಿ ಸೃಷ್ಟಿಸಿದ ಕಪ್ಪೆರಾಯ ನೆನಪಾದ. ಮೋಟಾರಿನ ಹುಚ್ಚಿಗೆ ಬಿದ್ದು ಕಾರುಗಳನ್ನು ನುಚ್ಚುನೂರು ಮಾಡಿ ಜೈಲಿಗೆ ಹೋದವನು. ಅಟ್ಕಿನ್ಸನ್ನರದು ಹಾಗಾಗಲಿಲ್ಲ, ನಿಜ. ಅವರ ಲೆಕ್ಕಪುಸ್ತಕ ನಮ್ಮದಲ್ಲ, ಅಷ್ಟೆ.

ಸ್ವದೇಶದ ಕಡತ ತೆಳ್ಳಗಿದೆ. ಅಂಬಾಸಿಡರ್, ಪದ್ಮಿನಿಗಳ ದಶಕಗಳಲ್ಲಿ ವೇಗವನ್ನು ಕೊಳ್ಳಲು ಅಂಗಡಿಯೇ ಇರಲಿಲ್ಲ. ಇದ್ದ ಕಾರನ್ನೇ ತಿದ್ದಿ ಮದರಾಸಿನ ಬಳಿಯ ಶೋಲಾವರಂ ವಿಮಾನಪಟ್ಟಿಯಲ್ಲಿ ಓಡಿಸಬೇಕಿತ್ತು. ಅಲ್ಲಿ ಬೆಂಗಳೂರಿನದೊಂದು ಹೆಸರಿದೆ. ಸಿಪಾನಿ ಸಂಸ್ಥೆ 1982ರಲ್ಲಿ ಡಾಲ್ಫಿನ್ ಎಂಬ ಎರಡು ಬಾಗಿಲಿನ ಸಂಸಾರದ ಕಾರನ್ನು ತಂದಿತು. ಬ್ರಿಟನ್ನಿನ ರಿಲಯಂಟ್ ಕಿಟನ್ ಅದರ ಮೂಲ. ಮೈ ಫೈಬರ್ ಗ್ಲಾಸಿನದು. ಎಂಜಿನ್, ಮಿನಿಯಂತೆಯೇ, 848 ಸಿಸಿ. ತಗಡಿಲ್ಲದ ಕಾರನ್ನು ಸಂಸಾರಸ್ಥರು ನಂಬಲಿಲ್ಲ. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ಕೇಳುವವರೇ ಇಲ್ಲವಾದರು. ಆದರೆ ಅದು ಹಗುರವಾಗಿತ್ತು. ಮನೆಯವರು ಬೇಡವೆಂದ ಆ ಕಾರನ್ನು ಓಟಗಾರರು ಎತ್ತಿಕೊಂಡರು, ಪಥದಲ್ಲಿ ಅದು ಹೆಸರು ಮಾಡಿತು. ನಮ್ಮ ಸೂತ್ರಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೆ?

ಆದ್ದರಿಂದ ಕಡತ ಕೊನೆಗೆ ಗೆಳೆಯರ ಕಾರಿನ ಪರವಾಗಿಯೇ ಇತ್ತು. ಅದು ಊರಿನಲ್ಲಿ ಹುಟ್ಟಿದ ಜಾತಿಯದು. ಕಳೆದ ಸೋಮವಾರ ಅದನ್ನು ಕೇಳಿ ತಂದು, ಆರ್.ಕೆ. ಪುರದ ನಮ್ಮ ಕ್ವಾರ್ಟರ್ಸಿನಿಂದ ಕಚೇರಿಗೆ ಓಡಿಸಿದೆವು. ಕುದಿಯಲಿಲ್ಲ, ಕೆಮ್ಮಲಿಲ್ಲ. ವೇಗದ ಮುಳ್ಳು 60 ದಾಟಿದ್ದು ಎರಡು ಬಾರಿ, ಎರಡು ಬಾರಿಯೂ ಒಂದು ಕ್ಷಣ. ಆ ಕ್ಷಣ ಹೇಗಿತ್ತೆಂದು ಬರೆಯಲು ಹೋಗುವುದಿಲ್ಲ. ಕಚೇರಿಯ ಗೇಟಿನ ಬಳಿ ಕಾವಲಿನವನು ಸೆಲ್ಯೂಟ್ ಹೊಡೆದಾಗ ನಾವಿನ್ನೂ ನಗುತ್ತಿದ್ದೆವು.

ಕೇಂದ್ರ ಸರ್ಕಾರಿ ನೌಕರನು ಎರಡು ತಿಂಗಳ ಮೂಲವೇತನಕ್ಕೆ ಮೀರಿದ ಚರಾಸ್ತಿಯನ್ನು ಕೊಂಡರೆ ಒಂದು ತಿಂಗಳೊಳಗೆ ಇಲಾಖೆಗೆ ತಿಳಿಸಬೇಕೆಂಬ ನಿಯಮವುಂಟು. ಆ ನಮೂನೆಯನ್ನು ಮೊದಲೇ ತಂದಿಟ್ಟುಕೊಂಡು ರಾತ್ರಿ ತುಂಬಿಸಲು ಕುಳಿತೆವು. ವಾಹನದ ವಿವರ, ಬೆಲೆ, ಮಾರುವವರ ಹೆಸರು, ಅವರೊಡನೆ ನಮಗಿರುವ ಸಂಬಂಧ, ಎಲ್ಲ ಬರೆದಾಯಿತು. ಹಣದ ಮೂಲವೆಂಬ ಕಲಮಿನ ಮುಂದೆ ಲೇಖನಿ ನಿಂತಿತು. ಅಷ್ಟು ಹಣ ನಮ್ಮಲ್ಲಿರುವುದು ಒಂದೇ ಠೇವಣಿಯಲ್ಲಿ. ನಮ್ಮ ಮನೆಯವರು ಹಿಂದಿನಿಂದ ಬಂದು ಕನ್ನಡಕ ಸರಿಮಾಡಿಕೊಂಡು ಓದಿದರು.

“ಯಾಕ್ರೀ ಖಾಲಿ ಬಿಟ್ಟಿದ್ದೀರಿ? ಅಲ್ಲಿ ಮಗಳ ಹೆಸರು ಬರೀರಿ” ಎಂದರು. ದನಿಯಲ್ಲಿ ಮುನಿಸಿರಲಿಲ್ಲ. ಒಳಕೋಣೆಯಲ್ಲಿ ಅವಳು ಪ್ರವೇಶ ಪರೀಕ್ಷೆಗೆ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು.

ನಮೂನೆಯನ್ನು ಮಡಚಿ ಡ್ರಾಯರಿನಲ್ಲಿಟ್ಟು, ಗೆಳೆಯರಿಗೆ ಆ ರಾತ್ರಿಯೇ ಫೋನ್ ಮಾಡಿದೆವು. ಶನಿವಾರದವರೆಗೆ ಕಾರು ನಮ್ಮ ಬಳಿಯೇ ಇರಲೆಂದು ಅವರು ಹೇಳಿದರು. ಬೇಡವೆನ್ನಲು ನಮ್ಮಿಂದಾಗಲಿಲ್ಲ.