ಬರೋಕ್ ಪರಂಪರೆಯನ್ನು ಮತ್ತೆ ಕಂಡ ವಿಯೆನ್ನಾ

1857ರ ಡಿಸೆಂಬರ್‌ನಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ವಿಯೆನ್ನಾದ ಕೋಟೆಯನ್ನು ಕೆಡವಲು ಆಜ್ಞೆ ಹೊರಡಿಸಿದ. ಗೋಡೆ, ಕಂದಕ, ಅದರಾಚೆಯ ವಿಶಾಲ ಬಯಲು ಎಲ್ಲವೂ ನಗರಕ್ಕೆ ಒದಗಿ ಬಂದವು. ಅಲ್ಲಿ ಮೂಡಿದ್ದೇ ಹಳೆಯ ಊರನ್ನು ಬಳಸಿಕೊಂಡು ಸಾಗುವ, ಸುಮಾರು 57 ಮೀಟರ್ ಅಗಲದ ರಿಂಗ್‌ಸ್ಟ್ರಾಸೆ ಎಂಬ ಹೆದ್ದಾರಿ. ಅದರ ಬದಿಯಲ್ಲಿ ಸಂಸತ್ತು ಗ್ರೀಕ್ ಶೈಲಿಯಲ್ಲಿ, ಪುರಭವನ ಗಾಥಿಕ್ ಶೈಲಿಯಲ್ಲಿ, ವಿಶ್ವವಿದ್ಯಾಲಯ ರಿನೈಸಾನ್ಸ್ ಶೈಲಿಯಲ್ಲಿ ತಲೆಯೆತ್ತಿದವು. ಬರೋಕ್ ಶೈಲಿಗೆ ಮಾತ್ರ ಮೊದಮೊದಲು ಈ ಪಂಕ್ತಿಯಲ್ಲಿ ಎಲೆ ಹಾಕಿರಲಿಲ್ಲ.

ಇದು ವಿಚಿತ್ರವೇ ಸರಿ. 1683ರಲ್ಲಿ ತುರ್ಕರ ಮುತ್ತಿಗೆ ತೊಲಗಿದ ಮೇಲೆ ಬೆಳೆದ ವಿಯೆನ್ನಾದ ವೈಭವವೆಲ್ಲ ಬರೋಕ್‌ನದೇ. ಆದರೆ 19ನೆಯ ಶತಮಾನದ ಮಧ್ಯದ ವಿದ್ವಾಂಸರಿಗೆ ಅದು ರಿನೈಸಾನ್ಸ್ ಕಲೆಯ ಅವನತಿ. ಆ ಹೆಸರೇ ಒಂದು ಬೈಗುಳದಂತಿತ್ತು. 1880ರಲ್ಲಿ ಕಲಾ ಇತಿಹಾಸಕಾರ ಆಲ್ಬರ್ಟ್ ಇಲ್ಗ್ ಬರೋಕ್ ಶೈಲಿಗೆ ಭವಿಷ್ಯವಿದೆ ಎಂದು ವಾದಿಸುವ ಕಿರುಹೊತ್ತಿಗೆಯನ್ನು ಬರೆದಾಗ, ‘ಕಿರಿಯ ಬರ್ನಿನಿ’ ಎಂಬ ಗುಪ್ತನಾಮ ಧರಿಸಿದ್ದ. ಇಲ್ಗ್‌ನ ಪಾಲಿಗೆ ಅದು ಆಸ್ಟ್ರಿಯಾದ ಹೆಮ್ಮೆಯ ಪ್ರಶ್ನೆ.

ಅರಮನೆಗೂ ಈ ಹೆಮ್ಮೆ ಹಿಡಿಸಿತು. 18ನೆಯ ಶತಮಾನದಲ್ಲಿ ಜೋಸೆಫ್ ಇಮ್ಯಾನ್ಯುಯೆಲ್ ಫಿಷರ್ ಫಾನ್ ಎರ್ಲಾಕ್ ಅರಮನೆಯ ಒಂದು ಮುಂಭಾಗಕ್ಕೆ ನಕ್ಷೆ ಹಾಕಿದ್ದ. ದಾರಿಗೆ ಅಡ್ಡವಾಗಿ ಹಳೆಯ ಬುರ್ಗ್ ನಾಟಕಶಾಲೆ ಇದ್ದುದರಿಂದ ಕೆಲಸ ನೂರೈವತ್ತು ವರ್ಷ ನಿಂತುಹೋಗಿತ್ತು. ನಾಟಕಶಾಲೆ 1888ರಲ್ಲಿ ರಿಂಗ್‌ಸ್ಟ್ರಾಸೆಯ ಹೊಸ ಕಟ್ಟಡಕ್ಕೆ ಹೋಯಿತು. ಹಳೆಯದನ್ನು ಕೆಡವಿ, ಫರ್ಡಿನಾಂಡ್ ಕಿರ್ಷ್ನರ್ 1893ರ ಹೊತ್ತಿಗೆ ಆ ಮುಂಭಾಗವನ್ನು ಮುಗಿಸಿದ. ಮೊಟ್ಸಾರ್ಟ್‌ನ ‘ಫಿಗರೊನ ಮದುವೆ’ 1786ರಲ್ಲಿ ಮೊದಲ ಬಾರಿಗೆ ರಂಗಕ್ಕೆ ಬಂದದ್ದು ಆ ಹಳೆಯ ನಾಟಕಶಾಲೆಯಲ್ಲೇ. ಕಾಗದದ ಮೇಲಿನ ಪರಂಪರೆಗಾಗಿ ಕಣ್ಣೆದುರಿನ ಪರಂಪರೆ ನೆಲಸಮವಾಯಿತು!

ಬರೋಕ್‌ನಿಂದ ಬೇರೆಯೇ ಪಾಠ ಕಲಿತವನು ಕಮಿಲೊ ಸಿಟ್ಟೆ (1843–1903). ಕಟ್ಟಡಗಳ ಅಲಂಕಾರಕ್ಕಿಂತ ಅವುಗಳ ನಡುವಣ ಜಾಗ ಅವನಿಗೆ ಮುಖ್ಯವಾಗಿತ್ತು. ಕಲೆಯ ತತ್ವಗಳಿಗೆ ಅನುಗುಣವಾದ ನಗರ ನಿರ್ಮಾಣವನ್ನು ಕುರಿತು 1889ರಲ್ಲಿ ಪ್ರಕಟವಾದ ಅವನ ಪುಸ್ತಕ ಮಧ್ಯಯುಗದ ಅಂಕುಡೊಂಕು ಚೌಕಗಳನ್ನು ಹೊಗಳಿದ್ದಕ್ಕೇ ಹೆಚ್ಚು ಹೆಸರಾಗಿದೆ. ಬರೋಕ್ ಬಗ್ಗೆ ಅವನು ಹೇಳಿದ್ದು ಅದಕ್ಕಿಂತ ಉಪಯುಕ್ತವಾದುದು. ಮಧ್ಯಯುಗದ ಚೌಕಗಳು ಕಾಲಕ್ರಮದಲ್ಲಿ ತಾವಾಗಿ ಬೆಳೆದವು. ಅಂಥವನ್ನು ಬೇಕೆಂದಾಗ ಬೆಳೆಸಲಾಗದು. ಬರೋಕ್ ಶಿಲ್ಪಿಗಳಾದರೋ ಇಂದಿನ ಎಂಜಿನಿಯರುಗಳಂತೆ ಹಲಗೆಯ ಮೇಲೆ ನಕ್ಷೆ ಬರೆದೇ ಕಟ್ಟಿದರು. ಆದರೂ ಗೆದ್ದರು. ಏಕೆಂದರೆ ನೋಡುವವನು ಎಲ್ಲಿ ನಿಲ್ಲುತ್ತಾನೆ, ಅವನ ಕಣ್ಣಿಗೆ ಏನು ಬೀಳುತ್ತದೆ ಎಂಬುದನ್ನು ಲೆಕ್ಕ ಹಾಕಿದರು. ಮೂರು ಕಡೆ ಕಟ್ಟಡ, ನಾಲ್ಕನೆಯ ಕಡೆ ತೆರವು ಎಂಬ ಅವರ ವಿನ್ಯಾಸ ಈ ಲೆಕ್ಕದ ಫಲ.

ಈ ಅಳತೆಗೋಲು ಹಿಡಿದರೆ ರಿಂಗ್‌ಸ್ಟ್ರಾಸೆ ಸೋಲುತ್ತಿತ್ತು. ಹೊಸ ಯೋಜನೆಗಳು ಜನಾರೋಗ್ಯಕ್ಕೆ ಮಾಡಿದ ಉಪಕಾರವನ್ನು ಸಿಟ್ಟೆ ಅಲ್ಲಗಳೆಯಲಿಲ್ಲ. ಆದರೆ 1879ರಲ್ಲಿ ಪೂರ್ಣಗೊಂಡ ವೋಟಿವ್ ಚರ್ಚ್ ಬಟ್ಟಬಯಲಿನಲ್ಲಿ ಒಂಟಿಯಾಗಿ ನಿಂತದ್ದು ಅವನಿಗೆ ಸಹಿಸಲಾಗಲಿಲ್ಲ. ಅದರ ಮುಂದೆ ಕಟ್ಟಡಗಳಿಂದ ಆವೃತವಾದ ಪ್ರಾಂಗಣವೊಂದು ಬೇಕೆಂದು ನಕ್ಷೆ ಸಹಿತ ಸೂಚಿಸಿದ.

ಆ ಪ್ರಾಂಗಣ ಏಳಲಿಲ್ಲ. ಚರ್ಚಿನ ಮುಂದೆ ಇಂದು ಇರುವುದು ಹುಲ್ಲುಹಾಸಿನ ಉದ್ಯಾನ.