ಗಣಕದ ಪೆಟ್ಟಿಗೆ, ಮಲೆನಾಡಿನ ಗಾಳಿ

ಗಣಕಯಂತ್ರದ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಅದರ ಮಿದುಳಿನ ಚರಿತ್ರೆಯನ್ನು ಬರೆದಿದ್ದಾರೆ. ಆ ಮಿದುಳನ್ನು ಹೊತ್ತ ತಗಡಿನ ಪೆಟ್ಟಿಗೆಯ ಕಡೆಗೆ ಅವರ ದೃಷ್ಟಿ ಹರಿದದ್ದು ಕಡಿಮೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಮಳೆಗಾಲವನ್ನು ಬಲ್ಲ ನನಗೆ ಈ ಉಪೇಕ್ಷೆ ಸರಿಯೆನಿಸದು.

1946ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲೋಕಕ್ಕೆ ಪ್ರಕಟವಾದ ಎನಿಯಾಕ್ ಗಣಕದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. ಅದು ಸುಮಾರು 150 ಕಿಲೋವಾಟ್ ವಿದ್ಯುತ್ತನ್ನು ಬೇಡುತ್ತಿತ್ತು. ಲೆಕ್ಕ ಮುಗಿದ ಮೇಲೆ ಈ ವಿದ್ಯುತ್ತೆಲ್ಲ ಏನಾಗುತ್ತದೆ? ಶಾಖವಾಗಿ ಹೊರಬೀಳುತ್ತದೆ. ಆಗ ಯಂತ್ರವೇ ಒಂದು ಕೋಣೆಯಾಗಿತ್ತು. ಕೋಣೆಗೆ ಗಾಳಿ ಊದಿದರೆ ಸಾಕಿತ್ತು. ಯಂತ್ರ ಮೇಜಿನ ಮೇಲಕ್ಕೆ ಬಂದಾಗ ಕಷ್ಟದ ಸ್ವರೂಪ ಬದಲಾಯಿತು.

1980ರ ಆ್ಯಪಲ್ 3 ಎಂಬ ಗಣಕದ ಕಥೆ ಇಲ್ಲಿ ನೆನೆಯತಕ್ಕದ್ದು. ಫ್ಯಾನಿನ ಸದ್ದು ಬೇಡವೆಂದು ಸ್ಟೀವ್ ಜಾಬ್ಸ್ ಹಟ ಹಿಡಿದರು. ಅಲ್ಯೂಮಿನಿಯಮ್ಮಿನ ತಳವೇ ಶಾಖವನ್ನು ಹೊರಗೆ ಸಾಗಿಸಲೆಂಬುದು ಏರ್ಪಾಟು. ಒಳಗಿನ ಚಿಪ್ಪುಗಳು ತಮ್ಮ ಸಾಕೆಟ್ಟುಗಳಿಂದ ಸಡಿಲಗೊಂಡು ಯಂತ್ರ ಸ್ತಬ್ಧವಾಗತೊಡಗಿತು. ಶಾಖವೇ ಕಾರಣವೆಂದರು ಕೆಲವರು. ಜೋಡಣೆಯ ದೋಷವೆಂದರು ಮತ್ತೆ ಕೆಲವರು. ಯಂತ್ರವನ್ನು ಕೆಲವು ಅಂಗುಲ ಎತ್ತಿ ಮೇಜಿನ ಮೇಲೆ ಬಿಡಿರೆಂಬುದು ಕೊಳ್ಳುಗರಿಗೆ ದೊರೆತ ಸಲಹೆ. ಹಳೆಯ ರೇಡಿಯೋವನ್ನು ತಟ್ಟಿ ಮಾತಾಡಿಸಿದ ನಮಗೆ ಇದು ಹೊಸ ವಿದ್ಯೆಯೇನಲ್ಲ.

ಮರುವರ್ಷ ಬಂದ ಐಬಿಎಂ ಪಿಸಿಯಲ್ಲಿ ವಿದ್ಯುತ್ ಪೂರೈಕೆಯ ಪೆಟ್ಟಿಗೆಯೊಳಗೆ ಫ್ಯಾನು ಸೇರಿತು. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾದರಿಯಲ್ಲಿ ಆ ಫ್ಯಾನು ಗಾಳಿಯನ್ನು ಒಳಗೇ ಊದಬೇಕೆಂದು ಮೊದಲು ಯೋಚಿಸಿದ್ದರು. ಆದರೆ ಹಾಗೆ ಬಂದ ಗಾಳಿ ದಾರಿಯಲ್ಲೇ ಬಿಸಿಯಾಗಿರುತ್ತಿತ್ತು. ಮುಂದೆ ಫ್ಯಾನಿನ ಮುಖವನ್ನು ಹೊರಕ್ಕೆ ತಿರುಗಿಸಿದರು. ಮುಂದಿನಿಂದ, ಕೆಳಗಿನಿಂದ ತಂಪು ಗಾಳಿ ಬರಬೇಕು. ಹಿಂದಿನಿಂದ, ಮೇಲಿನಿಂದ ಬಿಸಿ ಗಾಳಿ ಹೋಗಬೇಕು ಎಂಬ ಕ್ರಮ ನೆಲೆಯೂರಿತು. ಫ್ಯಾನುಗಳ ಸಂಖ್ಯೆ ಹೆಚ್ಚಿಸಿದರೆ ತಂಪು ತಾನಾಗಿ ಬಾರದು. ಗಾಳಿ ಸುಲಭದ ದಾರಿ ಹಿಡಿಯುವಂಥದು. ಬೇಡದ ಕಂಡಿಯೊಂದು ಹತ್ತಿರ ಸಿಕ್ಕರೆ ಅಲ್ಲಿಂದಲೇ ನುಸುಳಿ, ಕಾದ ಮೂಲೆಯನ್ನು ಮುಟ್ಟದೆ ಹೋಗುತ್ತದೆ. ಶಾಖ ಹುಟ್ಟುವುದನ್ನೇ ತಗ್ಗಿಸುವುದು ಇನ್ನೊಂದು ದಾರಿ. 2001ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಸಿಂಪ್ಯೂಟರ್ ಫ್ಯಾನಿಲ್ಲದ ಅಂಗೈಗಣಕ.

ಇಷ್ಟೆಲ್ಲ ಚಿಂತನೆ ಬಿಸಿಯನ್ನು ಕುರಿತದ್ದು. ನಮ್ಮ ಕಾಫಿಯ ಗುಡ್ಡಗಳಲ್ಲಿ ಬಿಸಿಗಿಂತ ದೊಡ್ಡ ಶತ್ರು ತೇವ. 20 ಡಿಗ್ರಿಯಲ್ಲಿ ತೇವದಿಂದ ತುಂಬಿದ ಗಾಳಿಯನ್ನು 30 ಡಿಗ್ರಿಗೆ ಕಾಯಿಸಿದರೆ, ನೀರಿನ ಅಂಶ ಅಷ್ಟೇ ಇದ್ದರೂ ಅದರ ತೇವಮಾನ ನೂರಕ್ಕೆ ಸುಮಾರು 55ಕ್ಕೆ ಇಳಿಯುತ್ತದೆ. ಎಂದರೆ ನಡೆಯುತ್ತಿರುವ ಯಂತ್ರ ತನ್ನನ್ನು ತಾನೇ ಒಣಗಿಸಿಕೊಳ್ಳುತ್ತದೆ. ಕೇಡು ಹೊಕ್ಕುವುದು ಅದು ವಾರಗಟ್ಟಲೆ ಸುಮ್ಮನಿರುವಾಗ. ಮಲೆನಾಡಿನ ಹಿರಿಯರು ಬೀಜದ ಗಂಟನ್ನು ಅಡಿಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿಟ್ಟದ್ದು ಇದೇ ತಿಳಿವಳಿಕೆಯಿಂದ. ಕಾಫಿ ಮೂಟೆಯ ಕೆಳಗೆ ಹಲಗೆ ಹಾಸಿ ಗೋಡೆಯಿಂದ ದೂರವಿಡುವುದೂ ಗಾಳಿಗೆ ದಾರಿ ಬಿಡುವುದಕ್ಕೇ.

ಈ ಭಾಗದ ಕಚೇರಿಯೊಂದರಲ್ಲಿ ಮಳೆಗೆ ಹೆದರಿ ಗಣಕಕ್ಕೆ ಪ್ಲಾಸ್ಟಿಕ್ಕಿನ ಹೊದಿಕೆ ಹಾಕಿ ಮರದ ಬೀರುವಿನಲ್ಲಿಟ್ಟು ಬೀಗ ಹಾಕಿದ್ದನ್ನು ನಾನು ಕಂಡೆ. ಶ್ರಾವಣ ಕಳೆದು ತೆಗೆದಾಗ ತಿರುಪುಗಳಿಗೆ ತುಕ್ಕು, ಹಲಗೆಗೆ ಬೂಷ್ಟು. ಯಂತ್ರ ಏಳಲಿಲ್ಲ, ಅದರೊಳಗಿದ್ದ ವರ್ಷಗಳ ಲೆಕ್ಕಪತ್ರಕ್ಕೆ ಬೇರೆ ಪ್ರತಿಯಿರಲಿಲ್ಲ. ಲೆಕ್ಕ ಹೋದರೆ ಮತ್ತೆ ಬರೆಯಬಹುದು, ಬರಹ ಹೋದರೆ? ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು (1938–2007) ಕನ್ನಡ ತಂತ್ರಾಂಶಕ್ಕಾಗಿ ದನಿಯೆತ್ತಿದ ಮೇಲೆ ನಮ್ಮ ಎಷ್ಟೋ ಕನ್ನಡ ಬರಹ ಇಂಥ ಪೆಟ್ಟಿಗೆಗಳಲ್ಲೇ ವಾಸಿಸುತ್ತಿದೆ.

ಬೀರುವೇ ಬೇಕೆಂದರೆ ಅದರ ಹಿಂದಿನ ಹಲಗೆಯನ್ನು ಕಳಚಿಬಿಡಿ. ಪೆಟ್ಟಿಗೆ ಗೋಡೆಯಿಂದ ಒಂದು ಗೇಣು ದೂರವಿರಲಿ, ನೆಲದಿಂದ ಮೇಲಿರಲಿ; ಆಷಾಢದಲ್ಲಿ ಕೆಲಸವಿಲ್ಲದಿದ್ದರೂ ದಿನಕ್ಕೊಮ್ಮೆ ಯಂತ್ರ ನಡೆಯಲಿ. ಕಾಫಿ ಕಣಕ್ಕೆ ಬರುವ ಚಳಿಗಾಲದಲ್ಲಿ ಧೂಳಿನ ಸರದಿ. ಆಗ ಯಂತ್ರ ಆರಿಸಿ, ಮೆತ್ತನೆಯ ಕುಂಚದಿಂದ ಫ್ಯಾನಿನ ರೆಕ್ಕೆಗಳನ್ನು ಒರೆಸಿಕೊಳ್ಳಬೇಕು.